ಹಳದಿ ದಾರ ಕಟ್ಟಿದ ರಜೆ

ಮೇ 2, ಸೋಮವಾರ

ಬಂದಳು, ಬಂದಳು! ಅಣ್ಣನ ಮಗಳು ಚಿನ್ನಿ ಬೇಸಿಗೆ ರಜೆ ಕಳೆಯಲು ನನ್ನ ಮನೆಗೆ ಬಂದೇಬಿಟ್ಟಳು. ಹನ್ನೆರಡು ವರ್ಷ, ಎರಡು ಜಡೆ, ಒಂದು ಚೀಲ. ಮಾತನ್ನು ಮಾತ್ರ ಅಲ್ಲೇ ಮರೆತು ಬಂದ ಹಾಗಿದೆ.

ಮುಂದೆ ಸೈಕಲ್ ರಿಪೇರಿ ಅಂಗಡಿ, ಹಿಂದೆ ಎರಡು ಕೋಣೆ, ಇಷ್ಟೇ ನನ್ನ ಸಂಸಾರ. ಒಳಗೆ ಬಂದವಳೇ ತಲೆಯೆತ್ತಿ, ಸೂರಿನಿಂದ ನೇತಾಡುವ ಟೈರುಗಳನ್ನೆಲ್ಲ ಎಣಿಸಿದಳು. ತುಟಿ ಅಲ್ಲಾಡಿದ್ದು ಕಂಡಿತು, ಸ್ವರ ಕೇಳಲಿಲ್ಲ. ಬಿಡಲು ಬಂದಿದ್ದ ಅಣ್ಣ ನನ್ನನ್ನು ಹೊರಗೆ ಕರೆದು ಶಾಲೆಯ ಪತ್ರ ಕೈಗಿಟ್ಟ. ಬರವಣಿಗೆಯಲ್ಲಿ ಹುಡುಗಿ ಚುರುಕಂತೆ. ಆದರೆ ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ, ಬಾಯಿಪರೀಕ್ಷೆಯಲ್ಲಿ ಪೂರಾ ಸೊನ್ನೆ. ಜೂನ್ ಮೂರಕ್ಕೆ ಮೂವರು ಟೀಚರುಗಳ ಮುಂದೆ ನಿಂತು ಉತ್ತರ ಹೇಳಬೇಕು. ಹೇಳಿದರೆ ಎಂಟನೇ ತರಗತಿ. ಇಲ್ಲವಾದರೆ ತನಗಿಂತ ಚಿಕ್ಕವರ ಜೊತೆ ಕೂತು ಇನ್ನೊಂದು ವರ್ಷ ಏಳನೆಯದೇ.

"ನಿನ್ ಹತ್ರ ಒಂದು ತಿಂಗಳು ಇದ್ರೆ ಸ್ವಲ್ಪ ಧೈರ್ಯ ಬರಬಹುದು ಅಂತ," ಅಂದ ಅಣ್ಣ. "ನಿನ್ ಬಾಯಿ ಜೋರಲ್ವಾ."

ಹೊಗಳಿದನೋ ಬೈದನೋ ತಿಳಿಯಲಿಲ್ಲ. "ಹೋಗೋ, ಒಂದು ತಿಂಗಳಲ್ಲಿ ಇವಳ ಬಾಯಿ ಮುಚ್ಸೋದಕ್ಕೆ ನೀನು ಒದ್ದಾಡಬೇಕು, ಹಾಗೆ ಮಾಡಿ ಕಳಿಸ್ತೀನಿ," ಅಂದೆ. ಹೇಳುವಾಗ ಮೈಯಲ್ಲಿ ಏನು ಹುರುಪು! ಹನ್ನೊಂದು ವರ್ಷದಿಂದ ಅಂಗಡಿ ಒಬ್ಬಳೇ ನಡೆಸುತ್ತಿರುವವಳಿಗೆ ಒಂದು ಹುಡುಗಿಗೆ ಧೈರ್ಯ ಕಲಿಸುವುದೇನು ಮಹಾ?

ಮೇ 4, ಬುಧವಾರ

ವಾರಪತ್ರಿಕೆಯಲ್ಲಿ ಬಂದ ಲೇಖನವೊಂದನ್ನು ಕತ್ತರಿಸಿ ಇಟ್ಟಿದ್ದೆ: ರಜೆಯಲ್ಲಿ ಮಕ್ಕಳ ಆತ್ಮವಿಶ್ವಾಸ ಬೆಳೆಸುವುದು ಹೇಗೆ. ಮೊದಲನೆಯದು, ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ 'ನನ್ನಿಂದ ಆಗುತ್ತದೆ' ಅನ್ನುವುದು. ನಿಲ್ಲಿಸಿದೆ. ಕನ್ನಡಿಗೂ ಕೇಳಿಸದ ಹಾಗೆ ಏನೋ ಅಂದಳು. "ಇನ್ನೂ ಗಟ್ಟಿ!" ಅಂದೆ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು. ಕೊನೆಗೆ ಹೇಗೆ ಹೇಳಬೇಕೆಂದು ತೋರಿಸಲು ನಾನೇ ಹತ್ತು ಸಲ ಕೂಗಿದೆ. ಎದುರುಮನೆಯವರು ಕಿಟಕಿ ತೆರೆದು, "ಏನಾಗುತ್ತಂತೆ ನಿಮ್ಮಿಂದ?" ಎಂದು ಕೇಳಿದರು.

ಲೇಖನ ಒಲೆಗೆ ಹೋಯಿತು.

ಮೇ 5, ಗುರುವಾರ

ಇವತ್ತು ಒಂದು ವಿಷಯ ಪತ್ತೆ ಹಚ್ಚಿದೆ. ಹುಡುಗಿಗೆ ಕೈಚಳಕ ಇದೆ! ಮೂಲೆಯಲ್ಲಿ ಬಿದ್ದಿದ್ದ ನಟ್ಟು ಬೋಲ್ಟುಗಳ ಡಬ್ಬ ಸುರಿದುಕೊಂಡು, ಯಾರೂ ಹೇಳದೆ ಅಳತೆ ಪ್ರಕಾರ ಬೇರೆ ಮಾಡಿಟ್ಟಿದ್ದಾಳೆ. ಕರೆದು ಒಂದು ಹಳೆಯ ಚಕ್ರದ ಟ್ಯೂಬ್ ಬಿಚ್ಚಲು ಕೊಟ್ಟೆ. ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ನನ್ನ ಮುಖ ನೋಡಿ "ಸರೀನಾ ಅತ್ತೆ?" ಒಂದು ಕಡೆ ಟೈರ್ ಎದ್ದಿತು, ಸರೀನಾ ಅತ್ತೆ? ಇನ್ನೊಂದು ಕಡೆ ಎದ್ದಿತು, ಸರೀನಾ ಅತ್ತೆ? ಟ್ಯೂಬ್ ಅರ್ಧ ಹೊರಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. "ಕೊಡಿಲ್ಲಿ," ಎಂದು ಕಿತ್ತುಕೊಂಡು ಎರಡೇ ನಿಮಿಷದಲ್ಲಿ ಮುಗಿಸಿದೆ. ಹೀಗೆ ಮಾಡಬೇಕು ಎಂದು ಗೊತ್ತಾಯಿತಲ್ಲ ಅವಳಿಗೆ, ಅದೇ ಮುಖ್ಯ.

ಅಂಗಡಿಯ ಪದ್ಧತಿಯನ್ನೂ ಹೇಳಿಕೊಟ್ಟೆ. ರಿಪೇರಿ ಮಾಡಿದವರು ಸೀಟಿನ ಕೆಳಗಿನ ಕಂಬಿಗೆ ತಮ್ಮ ಬಣ್ಣದ ದಾರ ಕಟ್ಟಬೇಕು. ಸೈಕಲ್ ವಾಪಸ್ ಬಂದರೆ ದಾರ ನೋಡಿದರೆ ಸಾಕು, ಯಾರ ಕೆಲಸ ಎಂದು ತಿಳಿಯುತ್ತದೆ. ನನ್ನದು ಕೆಂಪು. ಹಿಂದೆ ಕೆಲಸಕ್ಕಿದ್ದ ಮೂವರದ್ದು ನೀಲಿ, ಹಸಿರು, ಬಿಳಿ. ಮೂವರೂ ವರ್ಷ ತುಂಬುವ ಮೊದಲೇ ಬಿಟ್ಟು ಹೋದರು. "ನಿಮ್ ಕೈ ಸುಮ್ನಿರಲ್ಲ ಕಣಕ್ಕಾ," ಎಂದು ಹೋಗಿದ್ದ ಕೊನೆಯವನು. ಕೈ ಸುಮ್ಮನಿದ್ದರೆ ಅಂಗಡಿ ನಡೆಯುವುದಾದರೂ ಹೇಗೆ, ಅವನ ತಲೆ!

ಮೇ 8, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದಕಿದ ಹಾಗಿದೆ.

ಟೈರ್ ಇಳಿಸುವಾಗ ಸ್ಟೂಲ್ ಜಾರಿತು. ಬಲಗೈ ಮಣಿಕಟ್ಟಿನಲ್ಲಿ ಬಿರುಕು. ಪ್ಲಾಸ್ಟರ್. ಮೂರು ವಾರ.

ಮೇ 9, ಸೋಮವಾರ

ಅಂಗಡಿಯಲ್ಲಿ ಒಂಬತ್ತು ಸೈಕಲ್. ಕೈ ಒಂದೇ. ಅದೂ ಎಡಗೈ.

ಚಿನ್ನಿ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಂದು ಸ್ಪ್ಯಾನರ್ ತೆಗೆದುಕೊಂಡಳು.

ಮೇ 11, ಬುಧವಾರ

ಮಾಡಿದಳು! ಪಂಕ್ಚರ್! ಮೊದಲಿಂದ ಕೊನೆತನಕ ಅವಳೇ! ನಾನು ಸ್ಟೂಲ್ ಮೇಲೆ ಕೂತು ಬಾಯಲ್ಲಿ ಹೇಳಿದ್ದಷ್ಟೇ. ಟ್ಯೂಬನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿದಾಗ ಗುಳ್ಳೆ ಎದ್ದಿತು ನೋಡಿ, ಅವಳ ಮುಖ ನೋಡಬೇಕಿತ್ತು. ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ, ಪ್ಯಾಚ್ ಒತ್ತಿದಳು. ಐವತ್ತು ನಿಮಿಷ ಹಿಡಿಯಿತು. ಐವತ್ತು ನಿಮಿಷವೂ ನನ್ನ ಕೈ ಪ್ಲಾಸ್ಟರಿನೊಳಗೆ ತುರಿಸಿತು. "ಸರೀನಾ ಅತ್ತೆ" ಹದಿನೇಳು ಸಲ. ಎಣಿಸಿದೆ, ಬೇರೆ ಕೆಲಸವೇನಿದೆ?

ದಾರದ ಬಣ್ಣ ಯಾವುದು ಬೇಕು ಎಂದೆ. ಬಹಳ ಹೊತ್ತು ಯೋಚಿಸಿ ಹಳದಿ ತೆಗೆದುಕೊಂಡಳು.

ಮೇ 15, ಭಾನುವಾರ

ಎಡಗೈ ಪಳಗಿತು, ಇನ್ನು ಸ್ವಲ್ಪ ಉದ್ದ ಬರೆಯಬಹುದು. ಬರೆಯುವಂಥದ್ದೂ ಇದೆ!

ಈ ವಾರ ಹದಿನಾಲ್ಕು ಸೈಕಲ್, ಹದಿನಾಲ್ಕಕ್ಕೂ ಹಳದಿ ದಾರ. ಚೈನ್ ಹಾಕುವುದು ಬಂತು, ಬ್ರೇಕ್ ಕಟ್ಟುವುದು ಬಂತು, ಚಕ್ರದ ಬೆಂಡ್ ತೆಗೆಯುವುದೂ ಮುಕ್ಕಾಲು ಪಾಲು ಬಂತು. ಗಿರಾಕಿಗಳು ಬಂದರೆ ಮಾತ್ರ ಈಗಲೂ ನನ್ನ ಬೆನ್ನ ಹಿಂದೆ ಸರಿದು ನಿಲ್ಲುತ್ತಾಳೆ. ನಿನ್ನೆ ನಮ್ಮ ಬೀದಿಗೆ ಕಾಗದ ಹಂಚುವ ಅಂಚೆಯಕ್ಕ ಬಂದಿದ್ದರು. ಆಕೆಯ ಗಂಟಲಿನ ಮುಂದೆ ನನ್ನದು ಏನೂ ಅಲ್ಲ.

"ಯಾರು ಈ ಪುಟ್ಟ ಮೆಕ್ಯಾನಿಕ್ಕು? ನನ್ ಗಾಡಿ ಬ್ರೇಕ್ ಕೂಗ್ತಾ ಇದೆ ಕಣಮ್ಮಾ. ನಾನು ಬರೋದು ಬೀದಿಗೆಲ್ಲಾ ಮೊದಲೇ ಗೊತ್ತಾಗಿಬಿಡುತ್ತೆ. ಏನ್ ಮಾಡ್ಬೇಕು?"

ಚಿನ್ನಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, ಯಾವ ದೇವರು ಹೊಕ್ಕನೋ, "ರಬ್ಬರ್ ಸವೆದಿದೆ. ಹೊಸದು ಹಾಕ್ಬೇಕು. ಗುರುವಾರ ಬಿಟ್ಟು ಹೋಗಿ," ಅಂದಳು! ಒಂದೇ ಉಸಿರಿಗೆ ಮೂರು ವಾಕ್ಯ! ಅವರು ಹೋದ ಮೇಲೆ ನಾನು ಒಂದೇ ಕೈಯಲ್ಲಿ ಚಪ್ಪಾಳೆ ಹೊಡೆಯಲು ಹೋಗಿ ತೊಡೆ ತಟ್ಟಿಕೊಂಡೆ. ಅವಳು ನಕ್ಕಳು. ನಗುವಾಗ ಥೇಟ್ ಅಣ್ಣ ಚಿಕ್ಕವನಿದ್ದಾಗ ಇದ್ದ ಹಾಗೆ.

ರಾತ್ರಿಯೂಟದ ಹೊತ್ತಿಗೆ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಪರೀಕ್ಷೇಲಿ ಬ್ರೇಕ್ ರಬ್ಬರ್ ಕೇಳ್ತಾರೇನೇ?" ಅಂದ. ತಣ್ಣೀರೆರಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಮೇ 17, ಮಂಗಳವಾರ

ಒಂದು ಗುಟ್ಟು. ಬೆಳಿಗ್ಗೆ ಅವಳು ಏಳುವ ಮೊದಲು ನಾನು ಅಂಗಡಿಗೆ ಹೋಗಿ, ಅವಳು ಮಾಡಿದ ಸೈಕಲ್‌ಗಳನ್ನು ಎಡಗೈಯಲ್ಲಿ ಒಂದಿಷ್ಟು ಬಿಗಿ ಮಾಡಿ ಬರುತ್ತೇನೆ. ನಟ್ಟು, ಕೇಬಲ್, ಏನಿದ್ದರೂ ಕಾಲು ಸುತ್ತು. ಅವಳ ಕೈ ಮೆತ್ತಗೆ, ಮಗುವಿನ ಕೈ ತಾನೇ? ಯಾರಾದರೂ ಬಿದ್ದು ಗಿದ್ದು ಅವಳ ಹೆಸರು ಕೆಡಬಾರದು. ಅವಳಿಗೆ ತಿಳಿಸುವ ಅಗತ್ಯವೇನಿಲ್ಲ. ಅವಳ ಧೈರ್ಯಕ್ಕೂ ಧಕ್ಕೆಯಿಲ್ಲ, ನನ್ನ ಮನಸ್ಸಿಗೂ ನೆಮ್ಮದಿ. ಎರಡೂ ಕಡೆ ಲಾಭ!

ಮೇ 20, ಶುಕ್ರವಾರ

ಅಂಚೆಯಕ್ಕ ಮಧ್ಯಾಹ್ನ ಸೈಕಲ್ ತೆಗೆದುಕೊಂಡು ಹೋದರು. ಅರ್ಧ ಗಂಟೆಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು, ಕುಂಟುತ್ತ ವಾಪಸ್ ಬಂದರು. ಮೂಲೆಯ ತಿರುವಿನಲ್ಲಿ ಮುಂದಿನ ಚಕ್ರ ಗಪ್ಪನೆ ಹಿಡಿದುಕೊಂಡಿತಂತೆ. ಮಂಡಿ ತರಚಿ ರಕ್ತ ಬಂದಿತ್ತು. ಬೀದಿ ತುಂಬ ಕಾಗದ ಹರಡಿ, ಶಾಲೆಯಿಲ್ಲದ ಮಕ್ಕಳೆಲ್ಲ ಓಡೋಡಿ ಹೆಕ್ಕಿಕೊಟ್ಟರಂತೆ.

"ಪರವಾಗಿಲ್ಲ ಕಣಮ್ಮಾ, ನಾನೇನು ಮಣ್ಣಿನ ಗೊಂಬೆನಾ," ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಿನ್ನಿ ಬಗ್ಗಿ ಸೀಟಿನ ಕೆಳಗೆ ನೋಡಿದಳು. ಹಳದಿ ದಾರ. ಅದನ್ನು ಉಗುರಿನಲ್ಲಿ ಬಿಚ್ಚಿ ಕಿಸೆಗೆ ಹಾಕಿಕೊಂಡು ಒಳಗೆ ಹೋದಳು.

ನಾನು ಬ್ರೇಕ್ ಮುಟ್ಟಿ ನೋಡಿದೆ. ಕೇಬಲ್ ಬಿಗಿಯಾಗಿ ತಂತಿ ವಾದ್ಯದ ಹಾಗಿತ್ತು. ರಬ್ಬರು ರಿಮ್ಮಿಗೆ ಅಂಟಿಕೊಂಡು ಸುಟ್ಟ ವಾಸನೆ. ಎಡಗೈಗೆ ಅಳತೆ ತಿಳಿಯುವುದಿಲ್ಲ. ಕಾಲು ಸುತ್ತು ಎಂದುಕೊಂಡು ಒಂದೂವರೆ ಸುತ್ತು ತಿರುಗಿಸಿದ್ದೇನೆ. ಬೆಳಿಗ್ಗೆ. ನಾನೇ.

ಮೇ 21, ಶನಿವಾರ

ನಾನು ಹೇಳಲಿಲ್ಲ. ಅವಳು ಅಂಗಡಿಗೆ ಬರಲಿಲ್ಲ.

ಮೇ 22, ಭಾನುವಾರ

ಬೆಳಿಗ್ಗೆ ನೋಡಿದರೆ ಚೀಲ ತುಂಬಿಕೊಂಡು ಕೂತಿದ್ದಾಳೆ. "ಅಪ್ಪನಿಗೆ ಫೋನ್ ಮಾಡಿ. ನಾನು ಮತ್ತೆ ಏಳನೇ ಕ್ಲಾಸಲ್ಲೇ ಕೂರ್ತೀನಿ," ಎಂದಳು. ಇಷ್ಟು ಮೆಲ್ಲಗೆ ಎಂದರೆ, ಮೊದಲ ವಾರದ ಆ ಕನ್ನಡಿಗೂ ಕೇಳಿಸುತ್ತಿರಲಿಲ್ಲ.

ಪರೀಕ್ಷೆಗೆ ಇನ್ನು ಹನ್ನೆರಡೇ ದಿನ. ಹನ್ನೊಂದು ವರ್ಷದಲ್ಲಿ ಒಬ್ಬ ಗಿರಾಕಿಯ ಮುಂದೆಯೂ ತಪ್ಪು ನನ್ನದು ಎಂದು ಒಪ್ಪಿಕೊಂಡವಳಲ್ಲ ನಾನು. ನಟ್ಟು ಸರಿಯಿಲ್ಲ, ರಸ್ತೆ ಸರಿಯಿಲ್ಲ, ಓಡಿಸಿದವರು ಸರಿಯಿಲ್ಲ ಎಂದು ಏನೋ ಒಂದು ಹೇಳಿ ಜಾರಿಕೊಂಡವಳೇ. ಅವಳ ಎದುರು ನೆಲದ ಮೇಲೆ ಕೂತೆ.

"ಚಿನ್ನೀ, ಆ ಬ್ರೇಕ್ ಹಿಡಿದಿದ್ದು ನಿನ್ ಕೆಲಸದಿಂದ ಅಲ್ಲ. ನೀನು ಕಟ್ಟಿದ್ದು ಸರಿಯಾಗೇ ಇತ್ತು. ಬೆಳಿಗ್ಗೆ ನಾನು ಹೋಗಿ ಬಿಗಿ ಮಾಡ್ದೆ. ದಿನಾ ಮಾಡ್ತಿದ್ದೆ. ನಿನಗೆ ಗೊತ್ತಾಗ್ದಂಗೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಎದ್ದು ನಿಂತಳು.

"ಎಲ್ಲಾ ಸೈಕಲ್ಲನ್ನೂ?"

"ಎಲ್ಲಾನೂ."

"ಯಾಕ್ ಮುಟ್ಟಿದ್ರಿ?" ಎಂದು ಕೂಗಿದಳು. "ನನ್ ದಾರ ಇತ್ತಲ್ಲ! ದಾರ ಇದ್ಮೇಲೆ ಯಾಕ್ ಮುಟ್ಟಿದ್ರಿ? ನಾನು ಎರಡು ದಿನದಿಂದ ನಿದ್ದೆ ಮಾಡಿಲ್ಲ! ಅವರ ಮಂಡಿ ನೋಡ್ದಾಗ ನನಗೆ ಹೇಗಾಯ್ತು ಗೊತ್ತಾ? ನನ್ ಕೆಲಸ ಸರಿ ಇಲ್ಲ ಅನ್ಸಿದ್ರೆ ನನಗೇ ಹೇಳ್ಬೇಕಿತ್ತು!"

ಅಬ್ಬಾ, ಏನು ಗಂಟಲು! ಎದುರುಮನೆಯ ಕಿಟಕಿ ಮತ್ತೆ ತೆರೆದುಕೊಂಡಿತು. ಬೈಸಿಕೊಳ್ಳುತ್ತಿರುವವಳು ನಾನು, ತಪ್ಪು ನನ್ನದು, ನಾಚಿಕೆಯಿಂದ ಮುಖ ಸುಡುತ್ತಿತ್ತು. ಆದರೂ ಒಳಗೊಳಗೇ ಕುಣಿಯಬೇಕೆನಿಸಿತು. ಎಲ್ಲಿತ್ತು ಈ ಸ್ವರ ಇಷ್ಟು ದಿನ?

"ತಪ್ಪಾಯ್ತಮ್ಮಾ," ಅಂದೆ.

ಇಬ್ಬರೂ ಅಂಚೆಯಕ್ಕನ ಮನೆಗೆ ಹೋದೆವು. ಹೊಸಿಲಲ್ಲೇ ನಿಂತು, "ನಿಮ್ಮನ್ನ ಬೀಳ್ಸಿದ್ದು ನಾನು, ಹುಡುಗಿ ಅಲ್ಲ," ಎಂದು ಒಪ್ಪಿಕೊಂಡೆ. ಆಕೆ ಮಂಡಿಯ ಪಟ್ಟಿ ಸವರಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಂದೇ ಕೈಯಲ್ಲಿ ಇಷ್ಟು ಮಾಡಿದ್ದೀಯ, ಎರಡೂ ಕೈ ಇದ್ದಿದ್ರೆ ನನ್ ಗತಿ ಏನಾಗ್ತಿತ್ತೇ!" ಆಮೇಲೆ ಚಿನ್ನಿಯ ಕಡೆ ತಿರುಗಿ, "ನಾಳೆ ನನ್ ಗಾಡಿ ನೀನೇ ನೋಡ್ಬೇಕು. ನಿಮ್ಮತ್ತೆ ಕೈಗೆ ಕೊಟ್ರೆ ನೋಡು," ಎಂದರು.

ದಾರಿಯಲ್ಲಿ ಬರುವಾಗ ಚಿನ್ನಿ ಮುಖ ಊದಿಸಿಕೊಂಡೇ ಇದ್ದಳು. ಮನೆ ಹತ್ತಿರ ಬಂದಾಗ, "ನೋಡ್ಬೇಕು ಅನ್ಸಿದ್ರೆ ನನ್ ಮುಂದೇನೇ ನೋಡಿ ಅತ್ತೆ. ಕದ್ದು ನೋಡ್ಬೇಡಿ," ಎಂದಳು. ಆಗಲಿ ಎಂದೆ. ಚೀಲ ಬಿಚ್ಚಿದಳು.

ಮೇ 26, ಗುರುವಾರ

ಏನು ದಿನ! ಕಾಲೇಜು ಹುಡುಗಿಯೊಬ್ಬಳು ಬ್ಯಾಟರಿ ಸೈಕಲ್ ತಂದಳು. ಹ್ಯಾಂಡಲ್ ಮೇಲೆ ಗುಂಡಿಗಳು, ಒಳಗೆಲ್ಲ ಬಣ್ಣಬಣ್ಣದ ವೈರು. ಚಕ್ರ ತಿರುಗುತ್ತದೆ, ಮೋಟಾರ್ ಓಡುವುದಿಲ್ಲ. ಮಾಮೂಲಿನಂತೆ ಗಂಭೀರವಾಗಿ ತಲೆ ಆಡಿಸಿ, "ಕಂಪನಿಯವರೇ ಸರಿ ಮಾಡಿಲ್ಲ" ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಚಿನ್ನಿ ನಿಂತಿದ್ದಳು. ಅದೇಕೋ ಆ ಮಾತು ಹೊರಡಲಿಲ್ಲ.

"ಇದು ನನಗೆ ಗೊತ್ತಿಲ್ಲಮ್ಮ. ಹೊಸದು," ಅಂದೆ.

ಆಕಾಶವೇನೂ ಕಳಚಿ ಬೀಳಲಿಲ್ಲ. ಆ ಹುಡುಗಿ, "ಹೌದಾ? ನನಗೂ ಗೊತ್ತಿಲ್ಲ. ಬಿಚ್ಚಿ ನೋಡೋಣ್ವಾ?" ಅಂದಳು. ಮೂವರೂ ನೆಲದ ಮೇಲೆ ಕೂತೆವು. ಚಿನ್ನಿ ಒಂದೊಂದೇ ವೈರಿನ ಗುರುತು ಚೀಟಿಯಲ್ಲಿ ಬರೆದುಕೊಂಡು ಬಿಚ್ಚಿದಳು. ಎರಡು ಗಂಟೆಯ ಮೇಲೆ ಒಂದು ಕಡೆ ಹಸಿರು ಕಿಲುಬು ಹಿಡಿದದ್ದು ಸಿಕ್ಕಿತು. ಉಜ್ಜಿ ಜೋಡಿಸಿದೊಡನೆ ಮೋಟಾರ್ ಗುಂಯ್ ಎಂದಿತು! ಮೂವರೂ ಕಿರುಚಿದೆವು. ಇಂಥ ಖುಷಿ ಅಂಗಡಿಯಲ್ಲಿ ಅನುಭವಿಸಿ ಎಷ್ಟು ವರ್ಷವಾಗಿತ್ತೋ.

ಮೇ 30, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು! ಕೈ ಬೆಳ್ಳಗೆ, ಬಾಡಿದ ಮೂಲಂಗಿಯ ಹಾಗಿದೆ. ಬೆರಳೆಲ್ಲ ಆಡುತ್ತವೆ, ಸ್ಪ್ಯಾನರ್ ಹಿಡಿಯುತ್ತದೆ. ಡಾಕ್ಟರು ಕೆಲಸ ಮಾಡಬಹುದು ಅಂದರು.

ಒಂದು ವಿಚಿತ್ರ. ಕೈ ಸರಿಹೋದರೂ ಅಂಗಡಿಯ ಕೆಲಸ ಮೊದಲಿನ ವೇಗಕ್ಕೆ ಬಂದಿಲ್ಲ. ಇವತ್ತು ಇಡೀ ದಿನ ನಾನು ಮುಟ್ಟಿದ್ದು ಎರಡೇ ಸೈಕಲ್. ಉಳಿದ ಹೊತ್ತು ಚಹಾ ಕುಡಿಯುತ್ತ ಕೂತಿದ್ದೆ. ಶಕ್ತಿ ಇನ್ನೂ ಬಂದಿಲ್ಲವೆಂದು ಕಾಣುತ್ತದೆ. ಪುಷ್ಟಿಯ ಮಾತ್ರೆ ತರಬೇಕು.

ಸಂಜೆ ಪಾಠ. ಪ್ರಶ್ನೆ ಕೇಳುವವಳು ನಾನು, ಉತ್ತರ ಹೇಳುವವಳು ಅವಳು. ಗೊತ್ತಿರುವುದನ್ನೂ ಹೇಳುವ ಮೊದಲು ಬಹಳ ಹೊತ್ತು ಯೋಚಿಸುತ್ತಾಳೆ. ಆ ಮೌನವನ್ನು ಮೂವರು ಟೀಚರುಗಳು ಸಹಿಸುತ್ತಾರೋ ಇಲ್ಲವೋ. ನನಗಂತೂ ನಿದ್ದೆಯಿಲ್ಲ, ಅವಳು ಆರಾಮವಾಗಿ ಮಲಗಿದ್ದಾಳೆ.

ಜೂನ್ 3, ಶುಕ್ರವಾರ

ಎಂಟನೇ ತರಗತಿ! ಎಂಟನೇ ತರಗತಿ! ಎಂಟನೇ ತರಗತಿ!

ಮೊದಲು ಅದನ್ನು ಬರೆದುಬಿಟ್ಟೆ, ಇನ್ನು ನಡೆದದ್ದನ್ನು ಸಾವಕಾಶ ಬರೆಯಬಹುದು. ಅಣ್ಣನಿಗೆ ರಜೆ ಸಿಗಲಿಲ್ಲ, ಶಾಲೆಗೆ ನಾನೇ ಕರೆದುಕೊಂಡು ಹೋದೆ. ಮನೆಯವರು ಒಬ್ಬರು ಒಳಗೆ ಹಿಂದಿನ ಬೆಂಚಿನಲ್ಲಿ ಕೂರಬಹುದು, ಮಾತಾಡಬಾರದು ಅಂದರು. ಸರಿ, ಕೂತೆ. ಮೂವರು ಟೀಚರುಗಳು ಉದ್ದ ಮೇಜಿನ ಹಿಂದೆ. ಚಿನ್ನಿ ಒಬ್ಬಳೇ ಕರಿಹಲಗೆಯ ಪಕ್ಕದಲ್ಲಿ. ಅಷ್ಟು ದೊಡ್ಡ ಕೋಣೆಯಲ್ಲಿ ಅವಳು ಎಷ್ಟು ಚಿಕ್ಕವಳಾಗಿ ಕಂಡಳು!

ಮೊದಲ ಪ್ರಶ್ನೆ: ಘರ್ಷಣೆ ಎಂದರೇನು, ದಿನನಿತ್ಯದ ಉದಾಹರಣೆ ಕೊಡು.

ಅಯ್ಯೋ, ಇದು ನಮ್ಮದೇ ಪ್ರಶ್ನೆಯಲ್ಲವೇ! ಬ್ರೇಕ್ ರಬ್ಬರು! ರಿಮ್ಮು! ಚಿನ್ನಿ ಸುಮ್ಮನೆ ನಿಂತಿದ್ದಳು. ಐದು ಎಣಿಸಿದೆ, ಹತ್ತು ಎಣಿಸಿದೆ. ಒಬ್ಬ ಟೀಚರು ಪೆನ್ನಿನ ಮುಚ್ಚಳ ತೆಗೆದರು. ಆಗ ನನಗೇ ತಿಳಿಯದ ಹಾಗೆ ನನ್ನ ಕೈ ಮೇಲೆದ್ದು ಗಾಳಿಯಲ್ಲಿ ಬ್ರೇಕ್ ಒತ್ತತೊಡಗಿತು. ತುಟಿ "ರಬ್ಬರ್, ರಬ್ಬರ್" ಎನ್ನುತ್ತಿತ್ತು. ಬೆಂಚು ಬೇರೆ ಕಿರ್ರೆಂದಿತು.

ಚಿನ್ನಿ ತಿರುಗಿದಳು. ನನ್ನನ್ನು ನೋಡಿದಳು. ಆಮೇಲೆ ಮೇಜಿನ ಕಡೆ ತಿರುಗಿ, "ಒಂದು ನಿಮಿಷ ಮಿಸ್," ಅಂದಳು. ಎಲ್ಲರಿಗೂ ಕೇಳುವ ಹಾಗೆ. ನನ್ನ ಬೆಂಚಿನ ತನಕ ನಡೆದು ಬಂದು, ಬಗ್ಗದೆ, ಪಿಸುಗುಟ್ಟದೆ, ನೆಟ್ಟಗೆ ನಿಂತು ಹೇಳಿದಳು:

"ಅತ್ತೆ, ನೀವು ಸ್ವಲ್ಪ ಹೊರಗಡೆ ಕೂತಿರ್ತೀರಾ? ನಾನು ಯೋಚನೆ ಮಾಡ್ತಾ ಇದೀನಿ."

ಮೂವರು ಟೀಚರುಗಳೂ ನನ್ನನ್ನೇ ನೋಡಿದರು. ನಾನು ಎದ್ದೆ. ಚಪ್ಪಲಿ ಒಂದು ಬೆಂಚಿನ ಕೆಳಗೆ ಸಿಕ್ಕಿಕೊಂಡಿತ್ತು, ಅದನ್ನು ಎಳೆದುಕೊಂಡು ಹೊರಗೆ ಬಂದೆ. ಬಾಗಿಲನ್ನು ಅವಳೇ ಮುಚ್ಚಿದಳು.

ಮೊಗಸಾಲೆಯ ಗೋಡೆಗೆ ಒರಗಿ ನಿಂತೆ. ಒಳಗೆ ಇನ್ನೂ ಸ್ವಲ್ಪ ಹೊತ್ತು ಮೌನ. ಆಮೇಲೆ ಚಿನ್ನಿಯ ಸ್ವರ ಶುರುವಾಯಿತು. ಮಾತುಗಳು ತಿಳಿಯುತ್ತಿರಲಿಲ್ಲ, ಬಾಗಿಲು ದಪ್ಪ. ಆದರೆ ಸ್ವರ ನಿಲ್ಲಲೇ ಇಲ್ಲ. ಒಮ್ಮೆ ಯಾರೋ ಟೀಚರು ನಕ್ಕರು, ಒಮ್ಮೆ ಚಿನ್ನಿಯೇ ಏನನ್ನೋ ಎದುರು ಕೇಳಿದ ಹಾಗಿತ್ತು. ಹತ್ತು ನಿಮಿಷದ ಪರೀಕ್ಷೆ, ಇಪ್ಪತ್ತೈದು ನಿಮಿಷವಾದರೂ ಮುಗಿಯಲಿಲ್ಲ. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು, ಒರೆಸಿಕೊಳ್ಳಲು ಕರವಸ್ತ್ರವೂ ಇರಲಿಲ್ಲ.

ಮೊಗಸಾಲೆ ಗುಡಿಸುತ್ತ ಬಂದ ಆಯಾ ಪೊರಕೆ ನಿಲ್ಲಿಸಿ ನನ್ನನ್ನು ನೋಡಿದಳು.

"ಯಾಕಮ್ಮಾ ಅಳ್ತಾ ಇದ್ದೀರಾ? ಹೊರಗೆ ಹಾಕಿದ್ರಾ?"

"ಹೂಂ ಕಣಮ್ಮಾ," ಅಂದೆ, ಇಡೀ ಶಾಲೆಗೆ ಕೇಳುವ ಹಾಗೆ. "ನಮ್ ಹುಡುಗೀನೇ ಹಾಕಿದ್ಲು!"